ಮಧುಮೇಹ ಮತ್ತು ಆಲ್ಝೈಮರ್ ಕಾಯಿಲೆಯ ಸಂಬಂಧ

ಎರಡನೇ ವಿಧದ ಮಧುಮೇಹ (ಸಕ್ಕರೆ ಕಾಯಿಲೆ) ಉಳ್ಳವರಲ್ಲಿ ಆಲ್ಝೈಮರ್ ಕಾಯಿಲೆ ಹಾಗೂ ಇತರ ಬಗೆಯ ಡಿಮೆನ್ಷಿಯಾ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚೆಂದು ಹಲವು ದೀರ್ಘಕಾಲದ ಅಧ್ಯಯನಗಳು ತಿಳಿಸಿವೆ. ಮಧುಮೇಹವು ರಕ್ತದ ಸಕ್ಕರೆಯನ್ನು ನಿಯಂತ್ರಿಸುವ ವ್ಯವಸ್ಥೆ ಕೆಡುವುದರಿಂದ ಬರುವ ಕಾಯಿಲೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ನರಕೋಶಗಳು ಕ್ರಮೇಣ ನಶಿಸಿ ನೆನಪು, ಮಾತು ಮತ್ತು ವಿವೇಚನೆ ಕುಂದುತ್ತವೆ. ಮಧುಮೇಹವಿರುವ ಎಲ್ಲರಿಗೂ ಮರೆವಿನ ಕಾಯಿಲೆ ಬರುವುದಿಲ್ಲ. ಮಧುಮೇಹವಿಲ್ಲದವರಿಗೂ ಅದು ಬರುವುದುಂಟು.

ಹಿನ್ನೆಲೆ

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದನು. ತೀವ್ರ ಮರೆವಿನಿಂದ ಬಳಲಿ ಮೃತಳಾದ ಮಹಿಳೆಯೊಬ್ಬಳ ಮಿದುಳಿನಲ್ಲಿ ಆತ ಎರಡು ಬಗೆಯ ವಿಕಾರಗಳನ್ನು ಗುರುತಿಸಿದನು. ನರಕೋಶಗಳ ಹೊರಗೆ ಶೇಖರವಾದ ಗಂಟುಗಳು ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನವೆಂದೂ ಒಳಗಿನ ಸಿಕ್ಕುಗಳು ಟೌ ಎಂಬ ಪ್ರೋಟೀನಿನವೆಂದೂ ಮುಂದೆ ತಿಳಿದುಬಂದಿತು.

ಮಧುಮೇಹದೊಂದಿಗಿನ ನಂಟು ಸ್ಪಷ್ಟವಾದದ್ದು ಬಹಳ ತಡವಾಗಿ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ 6,000ಕ್ಕೂ ಹೆಚ್ಚು ಹಿರಿಯರನ್ನು ಕುರಿತ ಅಧ್ಯಯನದ ವರದಿ 1999ರಲ್ಲಿ ಪ್ರಕಟವಾಯಿತು. ಮಧುಮೇಹಿಗಳಲ್ಲಿ ಡಿಮೆನ್ಷಿಯಾದ ಸಂಭವ ಸುಮಾರು ಇಮ್ಮಡಿಯೆಂದು ಅದು ತಿಳಿಸಿತು. ಮಧುಮೇಹವು ಎಷ್ಟು ಚಿಕ್ಕ ವಯಸ್ಸಿನಲ್ಲಿ ಬರುತ್ತದೆಯೋ ಮುಂದಿನ ಅಪಾಯ ಅಷ್ಟು ಹೆಚ್ಚೆಂದು ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವು 2021ರಲ್ಲಿ ತೋರಿಸಿತು.

ಸಂಬಂಧದ ಕಾರಣಗಳು

ರಕ್ತನಾಳಗಳ ಹಾನಿ: ಬಹುಕಾಲ ಹೆಚ್ಚಿದ ಸಕ್ಕರೆಯಿಂದ ಕಣ್ಣು ಮತ್ತು ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳು ಕೆಡುವಂತೆಯೇ ಮಿದುಳಿನವೂ ಕೆಡುತ್ತವೆ. ರಕ್ತ ಪೂರೈಕೆ ಕಡಿದುಹೋದೆಡೆ ಮಿದುಳಿನ ಅಂಗಾಂಶ ಸಾಯುತ್ತದೆ. ಮಧುಮೇಹಿಗಳ ಮರಣೋತ್ತರ ಪರೀಕ್ಷೆಗಳಲ್ಲಿ ಅಮಿಲಾಯ್ಡ್ ಗಂಟುಗಳಿಗಿಂತ ಇಂತಹ ಗಾಯಗಳೇ ಹೆಚ್ಚಾಗಿ ಕಂಡುಬಂದಿವೆ. ಆದುದರಿಂದ ಈ ನಂಟಿನಲ್ಲಿ ರಕ್ತನಾಳಗಳ ಪಾತ್ರ ದೊಡ್ಡದು.

ಇನ್ಸುಲಿನ್ ಪ್ರತಿರೋಧ: ಇನ್ಸುಲಿನ್ ಮಿದುಳಿನಲ್ಲಿಯೂ ಕೆಲಸ ಮಾಡುತ್ತದೆ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅದರ ಗ್ರಾಹಕಗಳು ಹೇರಳವಾಗಿವೆ. ಜೀವಕೋಶಗಳು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದರೆ ನರಕೋಶಗಳ ಪೋಷಣೆ ಕುಂಠಿತವಾಗಬಹುದು.

ಕಿಣ್ವದ ಹಂಚಿಕೆ: ಇನ್ಸುಲಿನ್ನನ್ನು ವಿಘಟಿಸುವ ಕಿಣ್ವವೇ ಬೀಟಾ ಅಮಿಲಾಯ್ಡನ್ನೂ ವಿಘಟಿಸುತ್ತದೆ. ಇನ್ಸುಲಿನ್ ಅಧಿಕವಾದಾಗ ಕಿಣ್ವವು ಅದರಲ್ಲಿಯೇ ತೊಡಗಿ, ಅಮಿಲಾಯ್ಡ್ ಉಳಿದುಬಿಡುತ್ತದೆ ಎಂಬುದು ಒಂದು ವಾದ.

'ಮೂರನೇ ವಿಧದ ಮಧುಮೇಹ'

ಅಮೆರಿಕದ ಸಂಶೋಧಕಿ ಸುಝಾನ್ ಡಿ ಲಾ ಮಾಂಟೆ ಮತ್ತು ಸಂಗಡಿಗರು 2005ರಲ್ಲಿ ಆಲ್ಝೈಮರ್ ಕಾಯಿಲೆಗೆ ಈ ಹೆಸರನ್ನು ಸೂಚಿಸಿದರು. ಪತ್ರಿಕೆಗಳಲ್ಲಿ ಹೆಸರು ಪ್ರಚಾರ ಪಡೆದರೂ ವೈದ್ಯಕೀಯ ವರ್ಗೀಕರಣದಲ್ಲಿ ಇದಕ್ಕೆ ಮನ್ನಣೆಯಿಲ್ಲ. ಮೂಗಿನ ಮೂಲಕ ಇನ್ಸುಲಿನ್ ನೀಡಿದ ದೊಡ್ಡ ಪ್ರಯೋಗವೊಂದರಲ್ಲಿ ರೋಗಿಗಳ ನೆನಪು ಸುಧಾರಿಸಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಸಂಬಂಧವಿರುವ ಎರಡು ಕಾಯಿಲೆಗಳನ್ನು ಒಂದೇ ಕಾಯಿಲೆಯೆಂದು ತಿಳಿಯಲಾಗದು.

ಚಿಕಿತ್ಸೆಯಲ್ಲಿ ಎಚ್ಚರ

ಸಕ್ಕರೆಯನ್ನು ಆದಷ್ಟು ಇಳಿಸಿದರೆ ಮರೆವು ತಪ್ಪುತ್ತದೆ ಎಂಬ ನಿರೀಕ್ಷೆ ನಿಜವಾಗಲಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ 'ಅಕಾರ್ಡ್' ಪ್ರಯೋಗದಲ್ಲಿ ಕಟ್ಟುನಿಟ್ಟಿನ ನಿಯಂತ್ರಣದ ಗುಂಪಿನಲ್ಲಿ ಸಾವುಗಳು ಹೆಚ್ಚಿದುದರಿಂದ 2008ರಲ್ಲಿ ಆ ಕ್ರಮವನ್ನು ನಿಲ್ಲಿಸಲಾಯಿತು. ಅದೇ ಪ್ರಯೋಗದ 2011ರ ವರದಿಯಂತೆ ನೆನಪಿನಲ್ಲಿಯೂ ಲಾಭ ಕಾಣಲಿಲ್ಲ.

ಸಕ್ಕರೆ ತೀರ ಕಡಿಮೆಯಾಗುವುದು ಮಿದುಳಿಗೆ ಹಾನಿಕರ. ಮರೆವಿರುವ ಹಿರಿಯರು ಊಟ ಮಾಡದೆ ಮಾತ್ರೆ ನುಂಗಬಹುದು, ಅಥವಾ ನುಂಗಿದ್ದನ್ನು ಮರೆತು ಮತ್ತೊಮ್ಮೆ ನುಂಗಬಹುದು. ಆಗ ಉಂಟಾಗುವ ಗಲಿಬಿಲಿ ಮತ್ತು ತೊದಲುವಿಕೆಯನ್ನು ಮನೆಯವರು ಮರೆವಿನ ಲಕ್ಷಣವೆಂದು ಭಾವಿಸಿ ಸುಮ್ಮನಿರುವ ಸಾಧ್ಯತೆಯಿದೆ. ಅಂತಹ ಸಂದರ್ಭದಲ್ಲಿ ಕೂಡಲೇ ರಕ್ತದ ಸಕ್ಕರೆಯನ್ನು ಪರೀಕ್ಷಿಸುವುದು ಅಗತ್ಯ. ಈ ಕಾರಣದಿಂದ ಅಮೆರಿಕದ ಮಧುಮೇಹ ಸಂಘವು ಬುದ್ಧಿಶಕ್ತಿ ಕುಂದಿದ ಹಿರಿಯರಿಗೆ ಮೂರು ತಿಂಗಳ ಸರಾಸರಿಯ (ಎಚ್‌ಬಿಎ1ಸಿ) ಗುರಿಯನ್ನು ಶೇ. 8ರವರೆಗೆ ಸಡಿಲಿಸಿದೆ.

ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದವರಲ್ಲಿ ಬಿ12 ಜೀವಸತ್ವದ ಕೊರತೆ ಉಂಟಾಗಬಹುದು. ಅದರಿಂದಲೂ ಮರೆವು ಬರುವುದುಂಟು. ರಕ್ತಪರೀಕ್ಷೆಯಿಂದ ಇದನ್ನು ತಿಳಿದು ಚಿಕಿತ್ಸೆ ಪಡೆಯಬಹುದು.

ಭಾರತದಲ್ಲಿ

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಗಳ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ; 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟವರ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ.

ತಡೆಗಟ್ಟುವಿಕೆ

ಲ್ಯಾನ್ಸೆಟ್ ಆಯೋಗದ 2024ರ ವರದಿಯು ಡಿಮೆನ್ಷಿಯಾಕ್ಕೆ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿದೆ. ಮಧುಮೇಹ, ರಕ್ತದೊತ್ತಡ, ಬೊಜ್ಜು, ಧೂಮಪಾನ, ಕಿವುಡುತನ ಮತ್ತು ಒಂಟಿತನದ ಬದುಕು ಇವುಗಳಲ್ಲಿ ಸೇರಿವೆ. ಮಧುಮೇಹವನ್ನು ತಡೆಯಲು ಅಥವಾ ಮುಂದೂಡಲು ನಡುವಯಸ್ಸೇ ತಕ್ಕ ಕಾಲ. ಇಳಿವಯಸ್ಸಿನಲ್ಲಿ ಸಕ್ಕರೆ ಅತಿಯಾಗಿ ಏರದಂತೆಯೂ ಇಳಿಯದಂತೆಯೂ ಕಾಯುವುದು ಮುಖ್ಯ.