ಮಂದಿರ ಉರುಳಿತು, ಹಾಡು ಉಳಿಯಿತು

ಕಂಡಕ್ಟರ್ ಎಂದೊಡನೆ ನಮಗೆ ನೆನಪಾಗುವುದು ಹೆಗಲಿಗೆ ಚರ್ಮದ ಚೀಲ ತೂಗುಹಾಕಿಕೊಂಡು ‘ರೈಟ್’ ಎಂದು ಕೂಗುವ ಬಸ್ಸಿನ ಕಂಡಕ್ಟರ್. ಪಾಶ್ಚಾತ್ಯ ಸಂಗೀತದಲ್ಲೂ ಒಬ್ಬ ಕಂಡಕ್ಟರ್ ಇರುತ್ತಾನೆ. ಗಾಯಕರ ಎದುರು ನಿಂತು, ಕೈಸನ್ನೆಯಿಂದಲೇ ಹತ್ತಾರು ಕಂಠಗಳನ್ನು ಒಂದು ಲಯಕ್ಕೆ ತರುವುದು ಆತನ ಕೆಲಸ. ಅಂಥ ವೃಂದಗಾನ ನಿರ್ದೇಶಕನೊಬ್ಬ ಹತ್ತೊಂಬತ್ತನೆಯ ಶತಮಾನದ ಬರ್ಲಿನ್ನಿನಲ್ಲಿ ತನ್ನ ಬದುಕನ್ನೇ ಯೆಹೂದ್ಯರ ಪ್ರಾರ್ಥನಾ ಸಂಗೀತಕ್ಕೆ ಮುಡಿಪಾಗಿಟ್ಟ. ಆತನ ಹೆಸರು ಲೂಯಿ ಲೆವಾಂಡೊವ್‌ಸ್ಕಿ.

ಲೆವಾಂಡೊವ್‌ಸ್ಕಿ ಹುಟ್ಟಿದ್ದು 1821ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ವ್ರೆಶನ್ ಎಂಬ ಊರಿನಲ್ಲಿ. ಹನ್ನೆರಡರ ಹರೆಯದಲ್ಲಿ ಬರ್ಲಿನ್ನಿಗೆ ಬಂದು ಅಲ್ಲಿನ ಸಿನಗಾಗಿನಲ್ಲಿ, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲಿ, ಹಾಡುವ ಹುಡುಗನಾಗಿ ಸೇರಿದ. ಆ ಕಾಲದ ಪದ್ಧತಿ ಸರಳ. ಪ್ರಾರ್ಥನೆಯನ್ನು ಹಾಡುವವನು ಹಜ್ಜಾನ್. ಅವನ ಒಂದು ಪಕ್ಕದಲ್ಲಿ ಎಳೆಯ ಕಂಠದ ಹುಡುಗ, ಇನ್ನೊಂದು ಪಕ್ಕದಲ್ಲಿ ಮಂದ್ರದಲ್ಲಿ ಹಾಡುವ ಗಂಡಸು. ಹಾಡುಗಳು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟುತ್ತಿದ್ದವು. ಬರೆದಿಡುವುದು ವಿರಳ.

1838ರಲ್ಲಿ ಹಿರ್ಷ್ ವೈನ್‌ಟ್ರಾಬ್ ಎಂಬ ಹಜ್ಜಾನ್ ತನ್ನ ಗಾಯಕ ತಂಡದೊಂದಿಗೆ ಬರ್ಲಿನ್ನಿಗೆ ಬಂದ. ಹಲವು ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಹಾಡಿಯೂ ಒಂದಾಗಿ ಕೇಳುವ ಆ ಕ್ರಮ ತರುಣ ಲೆವಾಂಡೊವ್‌ಸ್ಕಿಯ ಮನಸ್ಸನ್ನು ಸೆಳೆಯಿತು. ಬರ್ಲಿನ್ನಿನ ಕಲಾ ಅಕಾಡೆಮಿಗೆ ಪ್ರವೇಶ ಪಡೆದ ಮೊದಲ ಯೆಹೂದಿ ಆತನೇ ಎನ್ನುತ್ತಾರೆ. ಕಾಯಿಲೆಯಿಂದಾಗಿ ವ್ಯಾಸಂಗ ಅರ್ಧಕ್ಕೇ ನಿಂತಿತು. ಆದರೆ 1840ರ ದಶಕದಲ್ಲಿ ಬರ್ಲಿನ್ನಿನ ಯೆಹೂದಿ ಸಮುದಾಯ ಆತನನ್ನು ತನ್ನ ವೃಂದಗಾನದ ನಿರ್ದೇಶಕನನ್ನಾಗಿ ನೇಮಿಸಿತು. ಹಜ್ಜಾನ್ ಲಿಷ್ಟೆನ್‌ಸ್ಟೈನ್ ಹಾಡುತ್ತಿದ್ದ ಹಳೆಯ ಧಾಟಿಗಳನ್ನು ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿದ್ದು ಈ ಅವಧಿಯಲ್ಲಿಯೇ.

1866ರಲ್ಲಿ ಬರ್ಲಿನ್ನಿನ ಒರಾನಿಯನ್‌ಬುರ್ಗರ್ ಬೀದಿಯಲ್ಲಿ ಚಿನ್ನದ ಬಣ್ಣದ ಗುಮ್ಮಟದ ‘ಹೊಸ ಸಿನಗಾಗ್’ ಆರಂಭವಾಯಿತು. ಸುಮಾರು 3,200 ಆಸನಗಳ ಆ ಭವ್ಯ ಮಂದಿರದ ಸಂಗೀತದ ಹೊಣೆ ಲೆವಾಂಡೊವ್‌ಸ್ಕಿಯ ಹೆಗಲಿಗೆ ಬಿತ್ತು. ಅಲ್ಲಿ ಆರ್ಗನ್ ವಾದ್ಯವನ್ನೂ ಇರಿಸಲಾಯಿತು.

ಇದು ಸಣ್ಣ ವಿವಾದವಾಗಿರಲಿಲ್ಲ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಶೋಕದ ಕುರುಹಾಗಿ ಯೆಹೂದಿಗಳು ಪ್ರಾರ್ಥನೆಯಲ್ಲಿ ವಾದ್ಯವನ್ನು ವರ್ಜಿಸಿದ್ದರು. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ವಾದ್ಯ ನುಡಿಸುವುದಂತೂ ಶಾಸ್ತ್ರಕ್ಕೆ ವಿರುದ್ಧ. ಮೇಲಾಗಿ ಆರ್ಗನ್ ಎಂದರೆ ಚರ್ಚಿನ ವಾದ್ಯ. ‘ನಮ್ಮ ಪ್ರಾರ್ಥನೆ ಪರರ ಪ್ರಾರ್ಥನೆಯಂತೆ ಕೇಳಿದರೆ ನಮ್ಮತನವೆಲ್ಲಿ ಉಳಿಯಿತು?’ ಎಂಬುದು ಸಂಪ್ರದಾಯಸ್ಥರ ಆತಂಕ. ಅದು ನಿರಾಧಾರವಾದದ್ದೂ ಅಲ್ಲ. ಲೆವಾಂಡೊವ್‌ಸ್ಕಿಯ ರಚನೆಗಳಲ್ಲಿ ಮೆಂಡೆಲ್‌ಸನ್ನನ ಜರ್ಮನ್ ಸಂಗೀತದ ಛಾಯೆ ಸ್ಪಷ್ಟವಾಗಿಯೇ ಇದೆ. ಆದರೂ ಆತ ಆರ್ಗನ್ನಿನ ಪರ ನಿಂತ.

ಅದೇ ಲೆವಾಂಡೊವ್‌ಸ್ಕಿ ಹಳೆಯದನ್ನು ಕೈಬಿಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1871ರಲ್ಲಿ ಪ್ರಕಟವಾದ ‘ಕೋಲ್ ರಿನ್ನಾ’ ಸಂಗ್ರಹದಲ್ಲಿ ಒಂದೆರಡು ಕಂಠಗಳಿಗೆ ಸಾಕಾಗುವಂತೆ ಪರಂಪರೆಯ ಧಾಟಿಗಳನ್ನು ಅಳವಡಿಸಿದ. ದೊಡ್ಡ ಗಾಯಕ ತಂಡವಿಲ್ಲದ ಸಣ್ಣ ಊರುಗಳ ಹಜ್ಜಾನರಿಗೆ ಅದು ಕೈಪಿಡಿಯಾಯಿತು. ಅನಂತರ ಬಂದ ‘ತೋಡಾ ವೆಝಿಮ್ರಾ’ ದೊಡ್ಡ ವೃಂದಕ್ಕಾಗಿ ಬರೆದದ್ದು. ಅದನ್ನು ಆರ್ಗನ್ ಇದ್ದರೂ ಇಲ್ಲದಿದ್ದರೂ ಹಾಡಬಹುದಿತ್ತು. ಬೇಕಾದವರು ವಾದ್ಯದೊಡನೆ, ಬೇಡವಾದವರು ಬರಿಯ ಕಂಠದಿಂದ!

1894ರಲ್ಲಿ ಲೆವಾಂಡೊವ್‌ಸ್ಕಿ ತೀರಿಕೊಂಡ. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತಿರುವ ದುರಂತ. 1938ರ ನವೆಂಬರಿನಲ್ಲಿ ನಾಜಿಗಳು ಜರ್ಮನಿಯ ಉದ್ದಗಲಕ್ಕೂ ಸಿನಗಾಗುಗಳಿಗೆ ಬೆಂಕಿಯಿಟ್ಟರು. ಸ್ಥಳೀಯ ಠಾಣೆಯ ಪೊಲೀಸರು ಅಡ್ಡಿಪಡಿಸಿದ್ದರಿಂದ ಹೊಸ ಸಿನಗಾಗ್ ಅಂದು ಉಳಿಯಿತು. ಆದರೆ 1943ರ ಬಾಂಬ್ ದಾಳಿಯಲ್ಲಿ ಅದು ಜಖಂಗೊಂಡಿತು. ಲೆವಾಂಡೊವ್‌ಸ್ಕಿಯ ವೃಂದ ಹಾಡಿದ್ದ ದೊಡ್ಡ ಸಭಾಂಗಣದ ಅವಶೇಷವನ್ನು 1958ರಲ್ಲಿ ಕೆಡವಲಾಯಿತು. ಆ ಹಾಡುಗಳನ್ನು ಕೇಳಿ ಬೆಳೆದ ಜನರಲ್ಲಿ ಅಸಂಖ್ಯಾತ ಮಂದಿ ಹತ್ಯೆಯಾದರು, ಉಳಿದವರು ದಿಕ್ಕಾಪಾಲಾದರು.

ಹಾಗೆ ಚದುರಿದವರೊಂದಿಗೆ ಸ್ವರಲಿಪಿಯ ಪುಸ್ತಕಗಳೂ ಗಡಿ ದಾಟಿದವು. ಇಂದು ಅಮೆರಿಕದಲ್ಲಿ, ಇಸ್ರೇಲಿನಲ್ಲಿ, ಇಂಗ್ಲೆಂಡಿನಲ್ಲಿ ಯೆಹೂದಿ ಕುಟುಂಬಗಳು ಶುಕ್ರವಾರದ ಸಂಜೆ ಆತನ ಧಾಟಿಗಳನ್ನು ಹಾಡುತ್ತವೆ. ಹಾಡುವವರಲ್ಲಿ ಅನೇಕರಿಗೆ ಆತನ ಹೆಸರೇ ತಿಳಿಯದು. ಅವರ ಪಾಲಿಗೆ ಅದು ಅಜ್ಜ–ಅಜ್ಜಿಯರಿಂದ ಬಂದ ಹಾಡು, ಅಷ್ಟೆ.

ಹೊಸ ಸಿನಗಾಗಿನ ಮುಂಭಾಗ ಮತ್ತು ಗುಮ್ಮಟ ಜೀರ್ಣೋದ್ಧಾರಗೊಂಡು 1995ರಲ್ಲಿ ತೆರೆದವು. ಹಿಂದಿನ ಸಭಾಂಗಣದ ಜಾಗ ಮಾತ್ರ ಖಾಲಿಯಾಗಿಯೇ ಉಳಿದಿದೆ. 2011ರಲ್ಲಿ ಬರ್ಲಿನ್ನಿನಲ್ಲಿ ಲೆವಾಂಡೊವ್‌ಸ್ಕಿಯ ಹೆಸರಿನ ಸಂಗೀತೋತ್ಸವ ಆರಂಭವಾಗಿ, ಹೊರದೇಶಗಳ ವೃಂದಗಳು ಬಂದು ಹಾಡಿದವು. ಪರಕೀಯವೆಂದು ಒಂದು ಕಾಲದಲ್ಲಿ ಆಕ್ಷೇಪಕ್ಕೆ ಗುರಿಯಾದ ಸಂಗೀತವೇ ಇಂದು ಕಳೆದುಹೋದ ಒಂದು ಸಮುದಾಯದ ಗುರುತಾಗಿ ಉಳಿದಿದೆ.