ಮಗುವಿನ ಕೈಯ ಮಜ್ಜಿಗೆ

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಐದು ವರ್ಷದ ಮಗನನ್ನು ಕರೆತಂದು, “ಡಾಕ್ಟರೇ, ಇವನು ಏನನ್ನೂ ಉಣ್ಣುವುದಿಲ್ಲ, ಹಸಿವಿಗೆ ಔಷಧ ಕೊಡಿ” ಎಂದರು. ಪರೀಕ್ಷಿಸಿ ಚೂರ್ಣವೊಂದನ್ನು ಬರೆದುಕೊಟ್ಟೆ. ತಿಂಗಳು ಕಳೆದರೂ ಗುಣ ಕಾಣಲಿಲ್ಲ. ವಿಚಾರಿಸಿದಾಗ ತಿಳಿದುದಿಷ್ಟು: ದಿನವಿಡೀ ಬಿಸ್ಕತ್ತು, ಊಟದ ವೇಳೆ ಕಣ್ಣೆದುರಿಗೆ ಮೊಬೈಲು. ತುತ್ತು ಬಾಯಿಗೆ ಹೋಗುತ್ತಿತ್ತು, ಮನಸ್ಸು ಬೇರೆಡೆ ಇರುತ್ತಿತ್ತು. ಮೊದಲ ದಿನವೇ ಇದನ್ನು ಕೇಳದಿದ್ದುದು ನನ್ನ ತಪ್ಪು.

ಆಹಾರದಲ್ಲಿ ಮನಸ್ಸಿಟ್ಟು ಉಣ್ಣಬೇಕೆಂದು ಚರಕಸಂಹಿತೆ ವಿಧಿಸುತ್ತದೆ. ಎಳೆಯ ಮಗುವಿಗೆ ಇದನ್ನು ಉಪದೇಶಿಸಿ ಫಲವಿಲ್ಲ. ಆಹಾರ ಸಿದ್ಧವಾಗುವಲ್ಲಿ ಅದರ ಕೈಯೂ ಸೇರಿದರೆ ಮನಸ್ಸು ತಾನಾಗಿಯೇ ಹಿಂಬಾಲಿಸುತ್ತದೆ. ಆದ್ದರಿಂದ ಚೂರ್ಣವನ್ನು ನಿಲ್ಲಿಸಿ, “ತಾಯಿ, ಇಂದಿನಿಂದ ಹಾಲಿಗೆ ಹೆಪ್ಪು ಹಾಕುವ ಕೆಲಸ ಇವನದು” ಎಂದೆ.

ಸಂಜೆ ಅರ್ಧ ಲೀಟರ್ ಹಾಲನ್ನು ಹಿರಿಯರು ಕಾಯಿಸಿ ಆರಿಸಲಿ. ಉಗುರುಬೆಚ್ಚಗಾದ ಮೇಲೆ ಮಗು ಕೈತೊಳೆದು ಬಂದು ಪಾತ್ರೆಯ ಹೊರಮೈಯನ್ನು ಮುಟ್ಟಿ ನೋಡಲಿ. 1 ಚಮಚ ಮೊಸರನ್ನು ಬೆರೆಸಿ ಮುಚ್ಚಿಡಲಿ. ಬೆಳಿಗ್ಗೆ ಮುಚ್ಚಳ ತೆರೆಯುವ ಸಂಭ್ರಮವೂ ಅದರದೇ ಆಗಲಿ. ಹೆಪ್ಪಿನಲ್ಲಿರುವ, ಕಣ್ಣಿಗೆ ಕಾಣದ ಜೀವಾಣುಗಳು ರಾತ್ರಿಯಿಡೀ ಹಾಲಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಹಾಲು ಬಹಳ ಬಿಸಿಯಾಗಿದ್ದರೆ ಅವು ಸಾಯುತ್ತವೆ, ತಣ್ಣಗಿದ್ದರೆ ಮಂದವಾಗುತ್ತವೆ. ಒಂದು ದಿನ ಹೆಪ್ಪುಗಟ್ಟದಿದ್ದರೆ ಗದರಬೇಡಿರಿ, ಏಕೆ ಹೀಗಾಯಿತೆಂದು ಕೇಳಿರಿ. ಮಗು ಕಲಿಯುವುದು ಅಲ್ಲಿಯೇ.

ಮೂರು ನಾಲ್ಕು ದಿನದ ಮೊಸರಿನ ಕೆನೆಯನ್ನು ಫ್ರಿಜ್ಜಿನಲ್ಲಿ ಕೂಡಿಡಿರಿ. ಭದ್ರವಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧದಷ್ಟು ತುಂಬಿ, ಸ್ವಲ್ಪ ತಣ್ಣೀರು ಸೇರಿಸಿ ಮಗುವಿನ ಕೈಗೆ ಕೊಡಿರಿ. ಎಣಿಸುತ್ತಾ ಕುಲುಕಲಿ; ಕೈ ಸೋತರೆ ಅಜ್ಜಿ ಮುಂದುವರಿಸಲಿ. ಸುಮಾರು 10–15 ನಿಮಿಷಗಳಲ್ಲಿ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆ ತೇಲುತ್ತದೆ. ಬೆಣ್ಣೆ ತೆಗೆದ ಮಜ್ಜಿಗೆಗೆ ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಸಾಕು.

ಮೊಸರು ಜೀರ್ಣಕ್ಕೆ ಭಾರ. ರಾತ್ರಿ ಅದನ್ನು ಸೇವಿಸಬಾರದೆಂದು ಚರಕರು ಹೇಳಿದ್ದಾರೆ. ಬೆಣ್ಣೆ ತೆಗೆದ ಮಜ್ಜಿಗೆ ಲಘು, ಅಗ್ನಿಯನ್ನು ದೀಪನಗೊಳಿಸುವಂಥದು. ಮಧ್ಯಾಹ್ನದ ಊಟಕ್ಕೆ ಯೋಗ್ಯ. ಹಾಲು ಒಗ್ಗದ ಮಕ್ಕಳಿಗೆ ಇದು ಬೇಡ. ಮಗುವಿನ ತೂಕ ಇಳಿಯುತ್ತಿದ್ದರೆ, ಮೇಲಿಂದ ಮೇಲೆ ಜ್ವರ ಬರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಆ ಬಾಲಕ ಈಗಲೂ ಹಾಗಲಕಾಯಿಯನ್ನು ಮುಟ್ಟುವುದಿಲ್ಲ. ಆದರೆ ಬಿಸ್ಕತ್ತು ಕಡಿಮೆಯಾಗಿದೆ. ತಾನು ಮಾಡಿದ ಮಜ್ಜಿಗೆಯನ್ನು ಅನ್ನಕ್ಕೆ ಕಲಸಿಕೊಂಡು, ಮೊಬೈಲಿಲ್ಲದೆ, ತನ್ನ ಕೈಯಿಂದಲೇ ಉಣ್ಣುತ್ತಾನೆ. ಕಳೆದ ಬಾರಿ ಬಂದಾಗ, “ಡಾಕ್ಟರೇ, ಚಳಿಯಿದ್ದರೆ ಹಾಲಿನ ಪಾತ್ರೆಗೆ ಬಟ್ಟೆ ಹೊದಿಸಬೇಕು” ಎಂದು ನನಗೇ ತಿಳಿಸಿಹೇಳಿದ.