ಉಲ್ಹಾಸ ನದಿಯ ಜಮಾ-ಖರ್ಚು

ನದೀಮೂಲವನ್ನು ಕೆದಕಬಾರದೆಂಬುದು ಹಿರಿಯರ ಮಾತು. ಆದರೆ ಕಲ್ಯಾಣ-ಡೊಂಬಿವಲಿಯ ಗೃಹಿಣಿ ಮುಂಜಾನೆ ತುಂಬಿಡುವ ನೀರು ಎಲ್ಲಿಂದ ಬಂದಿತೆಂಬುದನ್ನು ಅರಿಯುವುದು ಆರೋಗ್ಯದ ದೃಷ್ಟಿಯಿಂದ ಅವಶ್ಯವೇ ಸರಿ. ಕಾವೇರಿ, ಕೃಷ್ಣೆ, ನೇತ್ರಾವತಿಯರನ್ನು ಭಕ್ತಿಯಿಂದ ಸ್ಮರಿಸುವ ಇಲ್ಲಿನ ಕನ್ನಡಿಗರಲ್ಲಿ ಅನೇಕರಿಗೆ ತಾವು ನಿತ್ಯ ಕುಡಿಯುವ ನದಿಯ ಪರಿಚಯವಿಲ್ಲ. ಅದರ ಹೆಸರು ಉಲ್ಹಾಸ.

ಖಂಡಾಲಾ ಸಮೀಪದ ರಾಜಮಾಚಿ ಬೆಟ್ಟಗಳ ಮಡಿಲಲ್ಲಿ ಹುಟ್ಟುವ ಈ ನದಿಯು ಕರ್ಜತ್, ನೇರಳ್, ಬದಲಾಪುರಗಳನ್ನು ಹಾದು ಕಲ್ಯಾಣಕ್ಕೆ ಬರುತ್ತದೆ. ಅಲ್ಲಿಂದ ಖಾಡಿಯ ರೂಪ ತಾಳಿ ವಸಾಯಿಯ ಬಳಿ ಸಮುದ್ರವನ್ನು ಸೇರುತ್ತದೆ. ಉದ್ದ ಸುಮಾರು 120 ಕಿಲೋಮೀಟರು. ಕಾವೇರಿಯ ಆರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಈ ಕಿರಿಯ ನದಿಯನ್ನೂ ಅದರ ಉಪನದಿಗಳನ್ನೂ ಲಕ್ಷಾಂತರ ಸಂಸಾರಗಳು ನೆಚ್ಚಿಕೊಂಡಿವೆ.

ಮೊದಲು ಜಮೆಯ ಬದಿಯನ್ನು ನೋಡಬಹುದು. ಬಾರವಿ ಹೊಳೆಗೆ ಔದ್ಯೋಗಿಕ ಅಭಿವೃದ್ಧಿ ನಿಗಮವು ಕಟ್ಟಿದ ಅಣೆಕಟ್ಟಿನ ನೀರು ಡೊಂಬಿವಲಿಗೂ ನವಿ ಮುಂಬಯಿಯ ಔದ್ಯೋಗಿಕ ವಲಯಕ್ಕೂ ದೊರೆಯುತ್ತದೆ. ಶಹಾಪುರದ ಕಡೆಯಿಂದ ಬರುವ ಭಾತ್ಸಾ ನದಿಯು ಮುಂಬಯಿ, ಠಾಣೆಗಳ ದಾಹವನ್ನು ತಣಿಸಿ, ಕಾಳು ನದಿಯೊಡಗೂಡಿ ಉಲ್ಹಾಸವನ್ನು ಸೇರುತ್ತದೆ.

ಕನ್ನಡಿಗರು ಗಮನಿಸತಕ್ಕ ಜಮೆಯೊಂದು ಇನ್ನೂ ಉಂಟು. ಘಟ್ಟದ ಮೇಲೆ ಆಂದ್ರಾ ಎಂಬ ಹೊಳೆಯಿದೆ. ಅದು ಇಂದ್ರಾಯಣಿಯನ್ನೂ, ಇಂದ್ರಾಯಣಿಯು ಭೀಮೆಯನ್ನೂ ಸೇರುತ್ತವೆ. ಭೀಮೆಯು ವಿಜಯಪುರ, ಕಲಬುರಗಿ ಸೀಮೆಯಲ್ಲಿ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಲ್ಲಿ ಲೀನವಾಗುತ್ತದೆ. ಟಾಟಾ ಸಂಸ್ಥೆಯವರು ಆಂದ್ರೆಗೆ ಠೋಕರವಾಡಿಯಲ್ಲಿ ಕಟ್ಟೆ ಕಟ್ಟಿ, ನೀರನ್ನು ಪಶ್ಚಿಮಕ್ಕೆ ತಿರುಗಿಸಿ, 1922ರಿಂದ ಭಿವಪುರಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿದ್ದಾರೆ. ಯಂತ್ರಗಳಿಂದ ಹೊರಬಿದ್ದ ನೀರು ಉಲ್ಹಾಸದ ಕಣಿವೆಗೆ ಇಳಿಯುತ್ತದೆ. ಬೇಸಗೆಯಲ್ಲಿಯೂ ನದಿ ಬತ್ತದಿರಲು ಇದೊಂದು ಮುಖ್ಯ ಕಾರಣ. ಕನ್ನಡನಾಡಿಗೆ ಹೋಗಬೇಕಾಗಿದ್ದ ನೀರು ಘಟ್ಟವಿಳಿದು ಕನ್ನಡಿಗರ ನಲ್ಲಿಯ ಬಾಗಿಲಿಗೇ ಬಂದಂತಾಯಿತು.

ಇನ್ನು ಖರ್ಚಿನ ಬದಿ. ವಾಲಧುನಿ ಎಂಬ ಉಪನದಿಯ ದಡದಲ್ಲಿ ಶಿಲಾಹಾರರು 1060ರಲ್ಲಿ ಅಂಬರನಾಥನ ಸುಂದರ ಶಿವಾಲಯವನ್ನು ಕಟ್ಟಿಸಿದರು. ಇಂದು ಅದೇ ಹೊಳೆಯು ಕಾರ್ಖಾನೆಗಳ ಮತ್ತು ಬಸತಿಗಳ ಕೊಳೆಯನ್ನು ಹೊರುವ ಕಾಲುವೆಯಾಗಿದೆ. 2014ರ ನವೆಂಬರದಲ್ಲಿ ಉಲ್ಹಾಸನಗರದ ಬಳಿ ಯಾರೋ ಇದಕ್ಕೆ ರಾಸಾಯನಿಕವನ್ನು ಸುರಿದುದರಿಂದ ವಿಷವಾಯು ಎದ್ದು, ನೂರಾರು ಜನ ಆಸ್ಪತ್ರೆ ಸೇರಬೇಕಾಯಿತು. ಕಲ್ಯಾಣದ ಮೋಹನೆಯ ಬಳಿ ಮುಖ್ಯ ನದಿಯನ್ನು ಅಂತರಗಂಗೆಯ ಸಸ್ಯ ಮತ್ತೆ ಮತ್ತೆ ಮುಚ್ಚುವುದುಂಟು. ಆ ಹಸುರು ಸಮೃದ್ಧಿಯ ಲಕ್ಷಣವಲ್ಲ. ಚರಂಡಿ ನೀರಿನ ಸತ್ವವನ್ನುಂಡು ಬೆಳೆದ ಕಳೆ.

ನದಿಯು ಸಾಲವನ್ನು ಬಡ್ಡಿಸಹಿತ ಹಿಂದಿರುಗಿಸುವುದು ಮಳೆಗಾಲದಲ್ಲಿ. 2005ರ ಜುಲೈ 26ರ ನೆರೆಯನ್ನು ಮರೆತವರಿಲ್ಲ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ಉಲ್ಹಾಸದ ನೀರಿನಲ್ಲಿ ಸಿಲುಕಿ, ಸುಮಾರು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು.

ನೆರೆಯ ಬೆನ್ನಿಗೇ ರೋಗಗಳು ಬರುತ್ತವೆ. ಕೊಳೆನೀರು ಕುಡಿಯುವ ನೀರಿನಲ್ಲಿ ಬೆರೆತರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ತಲೆದೋರುತ್ತವೆ. ಇಲಿಗಳ ಮೂತ್ರ ಬೆರೆತ ನೀರಿನಲ್ಲಿ ನಡೆದರೆ ಕಾಲಿನ ಗಾಯದ ಮೂಲಕ ಇಲಿಜ್ವರ ಅಂಟಬಹುದು. ಆದುದರಿಂದ ಮಳೆಗಾಲದಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಬೇಕು. ಕಟ್ಟಡದ ನೀರಿನ ಟಾಕಿಯನ್ನು ಕಾಲಕಾಲಕ್ಕೆ ತೊಳೆಸಬೇಕು. ನೆರೆನೀರಿನಲ್ಲಿ ನಡೆದವರು ಜ್ವರ ಕಾಣಿಸಿಕೊಂಡ ಕೂಡಲೇ ವೈದ್ಯರಿಗೆ ಆ ಸಂಗತಿಯನ್ನು ತಿಳಿಸಬೇಕು.

ಆದರೆ ಒಂದು ಮಾತು ನೆನಪಿರಲಿ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಕಾರ್ಖಾನೆಯ ರಾಸಾಯನಿಕಗಳು ಹೋಗುವುದಿಲ್ಲ. ಅವುಗಳಿಗೆ ಮದ್ದು ಮನೆಯ ಒಲೆಯ ಮೇಲಿಲ್ಲ, ನದಿಯ ದಡದಲ್ಲಿದೆ. ಗಣೇಶನ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದೊಡನೆ ನೀರಿಗೆ ಎಸೆಯದಿರುವುದು, ಹೊಳೆಗೆ ಕೊಳೆ ಬಿಡುವುದು ಕಂಡಲ್ಲಿ ನಗರಪಾಲಿಕೆಗೆ ದೂರು ಕೊಡುವುದು, ಇವು ಪ್ರತಿ ಸಂಸಾರಕ್ಕೂ ಸಾಧ್ಯವಾದ ಕೆಲಸಗಳು. ಜಮೆಯನ್ನು ಮೀರಿ ಖರ್ಚು ಮಾಡಿದ ಖಾತೆ ಬಹುಕಾಲ ಬಾಳದು. ನದಿಗೂ ಅದೇ ನಿಯಮ.